"ಈಗ ಏನು ಓದ್ತಿದ್ದೀಯಾ?": ಗೆಳೆಯರ ಜೊತೆ ಓದು ಹಂಚಿಕೊಳ್ಳುವುದು ಹೇಗೆ

"ಈಗ ಏನು ಓದ್ತಿದ್ದೀಯಾ?" ಅಂತ ಗೆಳೆಯರು ಕೇಳಿದರೆ ಸಾಮಾನ್ಯವಾಗಿ ಎರಡು ಥರದ ಉತ್ತರ ಬರುತ್ತದೆ. ಒಂದು, ಪುಸ್ತಕದ ಹೆಸರು ಹೇಳಿ "ಚೆನ್ನಾಗಿದೆ" ಅನ್ನೋದು. ಇನ್ನೊಂದು, "ಎಲ್ಲಿ ಮಾರಾಯ, ಟೈಮೇ ಸಿಗ್ತಿಲ್ಲ". ಯಾವುದನ್ನು ಹೇಳಿದರೂ ಮಾತು ಅಲ್ಲಿಗೇ ಮುಗಿಯುತ್ತದೆ. ಕೇಳಿದವರಿಗೆ ಮುಂದೆ ಏನು ಕೇಳಬೇಕು ಅಂತಲೇ ತೋಚುವುದಿಲ್ಲ.

ಆ ಮಾತು ಮುಂದೆ ಸಾಗಬೇಕಾದರೆ ಏನು ಮಾಡಬಹುದು ಅನ್ನೋದನ್ನು ಇಲ್ಲಿ ಬರೆದಿದ್ದೇನೆ. ವಿಮರ್ಶೆ ಬರೆಯುವುದು ಬೇರೆ ಕೆಲಸ. ಎಲ್ಲರೂ ಒಂದೇ ಪುಸ್ತಕ ಓದಿಕೊಂಡು ಬಂದು ಚರ್ಚೆ ಮಾಡುವುದೂ ಬೇರೆ. ನಾನು ಹೇಳುತ್ತಿರುವುದು ಇನ್ನೂ ಸಲೀಸಾದ್ದು. ನಾಲ್ಕೈದು ಜನ ಗೆಳೆಯರು ತಮ್ಮ ತಮ್ಮ ಪಾಡಿಗೆ ಬೇರೆ ಬೇರೆ ಪುಸ್ತಕ ಓದುತ್ತಾ, ಅದು ಅರ್ಧದಲ್ಲಿರುವಾಗಲೇ ಒಬ್ಬರಿಗೊಬ್ಬರು ಹೇಳಿಕೊಳ್ಳುವುದು.

ಅರ್ಧದಲ್ಲಿರುವಾಗಲೇ ಯಾಕೆ? ಪುಸ್ತಕ ಮುಗಿಸಿದ ಮೇಲೆ ನಮ್ಮ ಬಾಯಲ್ಲಿ ಬರೋದು ತೀರ್ಪು. ಸೂಪರ್, ಪರವಾಗಿಲ್ಲ, ಬೋರು. ಓದುತ್ತಿರುವಾಗ ಇರೋದು ಅನುಮಾನ, ಕುತೂಹಲ, ಆ ಪಾತ್ರದ ಮೇಲೆ ಸಿಟ್ಟು, "ಇವನು ಯಾಕೆ ಹೀಗೆ ಮಾಡಿದ" ಅನ್ನೋ ಪ್ರಶ್ನೆ. ಮಾತಾಡೋಕೆ ವಿಷಯ ಸಿಗೋದು ಅಲ್ಲೇ. ಜೊತೆಗೆ ಮರೆವು ಬೇರೆ. ಹರ್ಮನ್ ಎಬ್ಬಿಂಗ್‌ಹೌಸ್ ಅನ್ನೋ ಜರ್ಮನ್ ಮನಶ್ಶಾಸ್ತ್ರಜ್ಞ ತನ್ನ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದ ಫಲಿತಾಂಶ ಇವತ್ತಿಗೂ ಪಾಠಗಳಲ್ಲಿದೆ. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲಿ ವೇಗವಾಗಿ ಮರೆತುಹೋಗುತ್ತದೆ, ಆಮೇಲೆ ನಿಧಾನವಾಗಿ. ಅವನು ಬಾಯಿಪಾಠ ಮಾಡಿದ್ದು ಅರ್ಥವೇ ಇಲ್ಲದ ಅಕ್ಷರಗಳ ಗುಂಪುಗಳನ್ನು. ಕಥೆ ಅಷ್ಟು ಬೇಗ ಅಳಿಸಿಹೋಗುವುದಿಲ್ಲ, ನಿಜ. ಆದರೆ ಯಾವ ಸಾಲಿಗೆ ನಕ್ಕೆವು, ಎಲ್ಲಿ ಪುಸ್ತಕ ಮುಚ್ಚಿ ಸುಮ್ನೆ ಕೂತೆವು ಅನ್ನೋದು ಮಾತ್ರ ಖಂಡಿತ ಹೋಗುತ್ತದೆ. ಹಂಚಿಕೊಳ್ಳಬೇಕಾದ್ದು ಅದನ್ನೇ.

ಮೊದಲು, ಜನ ಯಾರು?

ನಾಲ್ಕರಿಂದ ಆರು ಜನ ಸಾಕು. ಅದಕ್ಕಿಂತ ಜಾಸ್ತಿಯಾದರೆ ಯಾರೋ ಇಬ್ಬರು ಮಾತಾಡುತ್ತಾರೆ, ಉಳಿದವರು ನೋಡಿಕೊಂಡು ಇರುತ್ತಾರೆ. ಎಲ್ಲರ ರುಚಿ ಒಂದೇ ಇರಬೇಕು ಅಂತೇನಿಲ್ಲ. ಒಬ್ಬಳು ಪತ್ತೇದಾರಿ ಕಾದಂಬರಿ, ಒಬ್ಬ ಇತಿಹಾಸ, ಇನ್ನೊಬ್ಬ ಕವಿತೆ, ಮತ್ತೊಬ್ಬಳು ಮಕ್ಕಳಿಗೆ ಓದಿ ಹೇಳುವ ಚಿತ್ರಪುಸ್ತಕ. ಹೀಗಿದ್ದರೆ ಒಳ್ಳೆಯದೇ. ಒಂದೇ ಪುಸ್ತಕವನ್ನು ಎಲ್ಲರೂ ಓದಬೇಕು ಅನ್ನೋ ನಿಯಮವಿದ್ದ ಕಡೆ, ಓದಿ ಮುಗಿಸದವರು ನಾಚಿಕೆಗೆ ಬರುವುದನ್ನೇ ಬಿಡುತ್ತಾರೆ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಬ್ಬರು ಗೆಳತಿಯರು 2012ರಲ್ಲಿ ಶುರುಮಾಡಿದ ಸೈಲೆಂಟ್ ಬುಕ್ ಕ್ಲಬ್ ಈ ನಿಯಮವನ್ನೇ ಕಿತ್ತುಹಾಕಿತು. ಅವರವರ ಪುಸ್ತಕ ತರೋದು, ಒಂದು ಕಡೆ ಕೂತು ಓದೋದು, ಇಷ್ಟವಿದ್ದರೆ ಓದಿದ್ದರ ಬಗ್ಗೆ ಮಾತಾಡೋದು. ಅದು ಈಗ ಹಲವು ದೇಶಗಳಿಗೆ ಹರಡಿದೆ.

ಆರಿಸುವಾಗ ನಾನು ನೋಡುವುದು ಒಂದೇ. ಆ ವ್ಯಕ್ತಿ ಬೇರೆಯವರ ಪುಸ್ತಕದ ಬಗ್ಗೆ ಕೇಳುತ್ತಾನಾ? ತುಂಬ ಓದಿದವನಾಗಿದ್ದು ಇನ್ನೊಬ್ಬರ ಮಾತು ಕೇಳದವನಿಗಿಂತ, ವರ್ಷಕ್ಕೆ ಎರಡೇ ಪುಸ್ತಕ ಓದಿದರೂ "ಆಮೇಲೇನಾಯ್ತು?" ಅಂತ ಕೇಳುವವನು ಮೇಲು.

ಎರಡನೆಯದು, ಎಲ್ಲಿ?

ವಾಟ್ಸ್ಆ್ಯಪ್ ಗುಂಪು ಸಾಕು. ಆದರೆ ಇದಕ್ಕೇ ಅಂತ ಒಂದು ಬೇರೆ ಗುಂಪು ಮಾಡಿ. ಇರುವ ಹಳೇ ಗುಂಪಿನಲ್ಲೇ ಹಾಕಿದರೆ ಹುಟ್ಟುಹಬ್ಬದ ಶುಭಾಶಯ, ಕ್ರಿಕೆಟ್ ಸ್ಕೋರು, ಗುಡ್ ಮಾರ್ನಿಂಗ್ ಚಿತ್ರಗಳ ನಡುವೆ ಪುಸ್ತಕ ಕಾಣಿಸುವುದೇ ಇಲ್ಲ. ಗುಂಪು ಮಾಡಿದ ದಿನವೇ, ಸಂದೇಶಗಳು ತಾನಾಗಿ ಅಳಿಸಿಹೋಗುವ ಆಯ್ಕೆ ಆನ್ ಆಗಿದೆಯಾ ನೋಡಿ. ಅದು 24 ಗಂಟೆ, 7 ದಿನ ಅಥವಾ 90 ದಿನಕ್ಕೆ ಎಲ್ಲವನ್ನೂ ಅಳಿಸುತ್ತದೆ. ಆರು ತಿಂಗಳಾದ ಮೇಲೆ "ಅವಳು ಹೇಳಿದ ಆ ಪುಸ್ತಕದ ಹೆಸರೇನು?" ಅಂತ ಹುಡುಕುವುದು ಗ್ಯಾರಂಟಿ, ಹಾಗಾಗಿ ಅದನ್ನು ಆಫ್ ಮಾಡಿಡಿ.

ಲೆಕ್ಕ ಇಡುವ ಆಸೆ ಇದ್ದರೆ ಆ್ಯಪ್‌ಗಳಿವೆ. 2005ರಲ್ಲಿ ಶುರುವಾದ ಲೈಬ್ರರಿಥಿಂಗ್ ನಿಮ್ಮ ಸಂಗ್ರಹದ ಪಟ್ಟಿ ಮಾಡಿಕೊಳ್ಳೋಕೆ ಒಳ್ಳೆಯದು. 2007ರ ಗುಡ್‌ರೀಡ್ಸ್ (2013ರಿಂದ ಅಮೆಜಾನ್ ಕೈಯಲ್ಲಿದೆ) ಓದಬೇಕಾದ್ದು, ಓದುತ್ತಿರುವುದು, ಓದಿದ್ದು ಅಂತ ಮೂರು ಕಪಾಟು ಕೊಡುತ್ತದೆ. ಅದರಲ್ಲಿ ಎಷ್ಟನೇ ಪುಟದಲ್ಲಿದ್ದೀರಿ ಅಂತ ಹಾಕಿ, ಕೆಳಗೆ ಎರಡು ಸಾಲು ಬರೆಯಬಹುದು. ಗೆಳೆಯರು ಅದಕ್ಕೆ ಉತ್ತರಿಸಬಹುದು. ದಿ ಸ್ಟೋರಿಗ್ರಾಫ್ ಅನ್ನೋದು ಆಮೇಲೆ ಬಂದದ್ದು. ಅರ್ಧಕ್ಕೆ ಬಿಟ್ಟ ಪುಸ್ತಕಗಳಿಗೂ ಅದರಲ್ಲಿ ಜಾಗವಿದೆ, ಕಾಲು ನಕ್ಷತ್ರದ ಲೆಕ್ಕದಲ್ಲೂ ಅಂಕ ಕೊಡಬಹುದು. ಯಾವುದನ್ನು ಹಾಕಿಕೊಂಡರೂ ನಿಮ್ಮ ಪ್ರೊಫೈಲ್ ಯಾರು ಯಾರು ನೋಡಬಹುದು ಅನ್ನೋ ಸೆಟ್ಟಿಂಗ್ ಮೊದಲು ನೋಡಿ. ಏನು ಓದುತ್ತಿದ್ದೇವೆ ಅನ್ನೋದು ನಮ್ಮ ಬಗ್ಗೆ ಬಹಳಷ್ಟು ಹೇಳುತ್ತದೆ. ಕಾಯಿಲೆ, ವಿಚ್ಛೇದನ, ಕೆಲಸ ಬಿಡೋದು, ಇಂಥ ವಿಷಯಗಳ ಪುಸ್ತಕ ಕೈಯಲ್ಲಿದ್ದಾಗ ಆಫೀಸಿನವರಿಗೆಲ್ಲ ಅದು ಕಾಣಬೇಕಾಗಿಲ್ಲ, ಅಲ್ವಾ?

ಇಂಥ ಆ್ಯಪ್‌ಗಳಲ್ಲಿ ಕನ್ನಡ ಪುಸ್ತಕ ಹುಡುಕುವುದು ಸ್ವಲ್ಪ ತಲೆನೋವು. ಒಂದೇ ಪುಸ್ತಕ ಕನ್ನಡ ಲಿಪಿಯಲ್ಲಿ ಒಂದು ಸಲ, ಇಂಗ್ಲಿಷ್ ಅಕ್ಷರದಲ್ಲಿ ಬೇರೆ ಬೇರೆ ಸ್ಪೆಲ್ಲಿಂಗ್‌ನಲ್ಲಿ ಇನ್ನೊಂದೆರಡು ಸಲ ಸೇರಿರುತ್ತದೆ. ಹೆಸರಿನ ಬದಲು ಐಎಸ್‌ಬಿಎನ್ (ಪುಸ್ತಕಕ್ಕೆ ಕೊಡುವ ಗುರುತಿನ ಸಂಖ್ಯೆ) ಹಾಕಿ ಹುಡುಕಿದರೆ ಬೇಗ ಸಿಗುತ್ತದೆ. ಹಿಂಬದಿಯ ರಟ್ಟಿನ ಮೇಲೆ ಬಾರ್‌ಕೋಡ್ ಹತ್ತಿರ, ಇಲ್ಲವೇ ಮೊದಲ ಪುಟಗಳಲ್ಲಿ ಆ ಸಂಖ್ಯೆ ಇರುತ್ತದೆ. 2007ರಿಂದ ಈಚೆಗೆ ಅದು 13 ಅಂಕಿಯದ್ದು, ಅದಕ್ಕೂ ಹಿಂದಿನದ್ದು 10 ಅಂಕಿಯದ್ದು. ತುಂಬ ಹಳೆಯ ಪುಸ್ತಕಗಳಲ್ಲಿ ಆ ಸಂಖ್ಯೆಯೇ ಇರುವುದಿಲ್ಲ, ಯಾಕೆಂದರೆ ಈ ಪದ್ಧತಿ ಬಂದದ್ದೇ 1970ರ ಸುಮಾರಿಗೆ. ಆಗ ಮುಖಪುಟದ ಫೋಟೊ ತೆಗೆದು ಗುಂಪಿಗೆ ಹಾಕಿಬಿಡಿ, ಸಾಕು.

ಮೂರನೆಯದು, ಏನು ಹೇಳಬೇಕು?

ಜನ ಸೋಲೋದು ಇಲ್ಲೇ. ಹೆಸರು, ಮುಖಪುಟದ ಫೋಟೊ, ಒಂದು ಹೃದಯದ ಇಮೋಜಿ. ಇದಕ್ಕೆ ಗೆಳೆಯರು ಏನು ಹೇಳಬೇಕು? ಅವರೂ ಒಂದು ಇಮೋಜಿ ಹಾಕಿ ಸುಮ್ಮನಾಗುತ್ತಾರೆ.

ನಾಲ್ಕು ವಿಷಯ ಹೇಳಿ. ಪುಸ್ತಕ ಯಾವುದು (ಅನುವಾದವಾದರೆ ಅನುವಾದಕರ ಹೆಸರೂ ಬೇಕು, ಒಂದೇ ಪುಸ್ತಕಕ್ಕೆ ಎರಡು ಮೂರು ಅನುವಾದ ಇರಬಹುದು). ಎಲ್ಲಿಗೆ ಬಂದಿದ್ದೀರಿ. ಇದನ್ನೇ ಯಾಕೆ ಕೈಗೆತ್ತಿಕೊಂಡಿರಿ. ಓದುತ್ತಾ ಎಲ್ಲಿ ನಿಂತಿರಿ. ಕೊನೆಯದು ಮುಖ್ಯ. ಅದು ಹೊಗಳಿಕೆಯೇ ಆಗಬೇಕಿಲ್ಲ. ಅರ್ಥವಾಗದ ಸಾಲು, ನಂಬೋಕಾಗದ ತಿರುವು, ಗೊತ್ತಿಲ್ಲದ ಪದ, ಏನು ಬೇಕಾದರೂ ಆಗಬಹುದು.

ಗಡಿಯಾರ ರಿಪೇರಿ ಮಾಡುವವನೊಬ್ಬನ ಆತ್ಮಕಥೆ ಓದುತ್ತಿರುವ ಗೆಳತಿಯೊಬ್ಬಳು ಪುಸ್ತಕದ ಹೆಸರು ಹಾಕಿ, ಕೆಳಗೆ ಹೀಗೆ ಬರೆಯುತ್ತಾಳೆ ಅಂದುಕೊಳ್ಳಿ:

"212 ಪುಟದಲ್ಲಿ 74ಕ್ಕೆ ಬಂದೆ, 5ನೇ ಅಧ್ಯಾಯ. ಅಪ್ಪನ ಹಳೇ ವಾಚು ಸರಿ ಮಾಡಿಸೋಕೆ ಹೋದಾಗಿಂದ ಈ ಕೆಲಸದ ಬಗ್ಗೆ ಕುತೂಹಲ ಇತ್ತು, ಅದಕ್ಕೇ ತಗೊಂಡೆ. ಇವತ್ತು ಒಂದು ಕಡೆ ನಿಂತುಬಿಟ್ಟೆ. ಸರಿ ಮಾಡಿಸಿದವರು ದುಡ್ಡು ಕೊಟ್ಟು ಗಡಿಯಾರ ಅಂಗಡೀಲೇ ಬಿಟ್ಟು ಹೋಗ್ತಾರಂತೆ, ಎಷ್ಟೋ ಜನ. ಮತ್ತೆ ಬರೋದೇ ಇಲ್ವಂತೆ. ಯಾಕೆ ಅಂತ ಅವನು ಹೇಳಲ್ಲ. ಸುಮ್ನೆ ಮುಂದಿನ ವಿಷಯಕ್ಕೆ ಹೋಗ್ತಾನೆ. ನಿಮಗೇನನ್ಸುತ್ತೆ?"

ಇದು ಒಂದು ನಿಮಿಷದ ಓದು. ಪುಸ್ತಕ ಚೆನ್ನಾಗಿದೆ ಅಂತ ಅವಳು ಎಲ್ಲೂ ಹೇಳಿಲ್ಲ, ಆದರೂ ಓದಬೇಕು ಅನ್ನಿಸುತ್ತದೆ. ಆ ಪುಸ್ತಕ ಓದದವರೂ ಉತ್ತರ ಕೊಡಬಹುದು. ದುಡ್ಡು ಕೊಟ್ಟು ಗಡಿಯಾರ ಬಿಟ್ಟು ಹೋಗುವವರ ಬಗ್ಗೆ ಯಾರಿಗಾದರೂ ಏನಾದರೂ ಅನ್ನಿಸದೆ ಇರುತ್ತಾ?

ಪುಟಸಂಖ್ಯೆಯ ಬಗ್ಗೆ ಒಂದು ಮಾತು. ಮುದ್ರಣ ಬದಲಾದರೆ ಪುಟವೂ ಬದಲಾಗುತ್ತದೆ. ಹಾಗಾಗಿ ಪುಟದ ಜೊತೆ ಅಧ್ಯಾಯವನ್ನೂ ಹೇಳಿ. ಇ-ಪುಸ್ತಕ ಓದುವವರು ಶೇಕಡಾ ಲೆಕ್ಕ ಹೇಳುತ್ತಾರೆ, ಅದನ್ನು ಅಷ್ಟು ನಂಬಬೇಡಿ. ಇತಿಹಾಸ, ವಿಜ್ಞಾನದ ಪುಸ್ತಕಗಳಲ್ಲಿ ಕೊನೆಗೆ ಟಿಪ್ಪಣಿ, ಪದಸೂಚಿ ಎಲ್ಲ ಸೇರಿ ದೊಡ್ಡ ಭಾಗವನ್ನೇ ತಿಂದಿರುತ್ತವೆ. ಇನ್ನೂ ಬಹಳ ಇದೆ ಅಂದುಕೊಂಡಿರುವಾಗಲೇ ಪುಸ್ತಕ ಮುಗಿದುಹೋಗುತ್ತದೆ. ಆಡಿಯೋ ಪುಸ್ತಕ ಕೇಳುವವರು ಅಧ್ಯಾಯ ಹೇಳಿದರೆ ಸಾಕು. ಕೇಳೋದು ಓದಾಗುತ್ತಾ ಅನ್ನೋ ವಾದವನ್ನು ದಯವಿಟ್ಟು ಗುಂಪಿಗೆ ತರಬೇಡಿ. ಅದು ಮುಗಿಯುವ ವಾದ ಅಲ್ಲ.

ಪುಟದ ಫೋಟೊ ಹಾಕುವುದಾದರೆ ಒಂದು ಪ್ಯಾರಾ ಸಾಕು, ಬೇಕಾದ ಸಾಲಿನ ಪಕ್ಕ ಗುರುತು ಹಾಕಿ. ನಾಲ್ಕು ಪುಟ ಹಾಕಿ "ಓದಿ ನೋಡಿ" ಅಂದರೆ ಯಾರೂ ಓದುವುದಿಲ್ಲ.

ನಾಲ್ಕನೆಯದು, ಗುಟ್ಟು ಬಿಟ್ಟುಕೊಡದೆ ಹೇಳೋದು

ಕಥೆಯ ಗುಟ್ಟು ಮೊದಲೇ ಗೊತ್ತಾದರೆ ಮಜಾ ಹೋಗುತ್ತಾ? 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕೇಂದ್ರದ ಇಬ್ಬರು ಸಂಶೋಧಕರು ಓದುಗರಿಗೆ ಸಣ್ಣ ಕಥೆಗಳನ್ನು ಕೊಟ್ಟು ನೋಡಿದರು. ಕೊನೆ ಏನೆಂದು ಮೊದಲೇ ತಿಳಿದವರಿಗೇ ಕಥೆ ಸ್ವಲ್ಪ ಜಾಸ್ತಿ ಇಷ್ಟವಾಗಿತ್ತು. ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳಲ್ಲಿ ಇದಕ್ಕೆ ಉಲ್ಟಾ ಫಲಿತಾಂಶವೂ ಬಂದಿದೆ. ಅಂದರೆ ವಿಜ್ಞಾನದ ಹೆಸರು ಹೇಳಿಕೊಂಡು ಕೊಲೆಗಾರ ಯಾರೆಂದು ಬಾಯಿಬಿಡೋ ಹಾಗಿಲ್ಲ. ಗುಂಪಿನಲ್ಲಿ ಒಬ್ಬರಾದರೂ "ನನಗೆ ಹೇಳ್ಬೇಡಿ" ಅಂದರೆ ಅವರ ಮಾತೇ ನಿಯಮ.

ಸುಲಭದ ದಾರಿ ಏನೆಂದರೆ ಮೊದಲ ಸಾಲಿನಲ್ಲೇ ಎಚ್ಚರಿಕೆ: "ಈ ಪುಸ್ತಕದ 9ನೇ ಅಧ್ಯಾಯದ ತನಕ ಓದಿಲ್ಲದವರು ಮುಂದೆ ಹೋಗಬೇಡಿ". ಫೋನಿನ ನೋಟಿಫಿಕೇಶನ್‌ನಲ್ಲಿ ಸಂದೇಶದ ಮೊದಲ ಸಾಲುಗಳು ಕಾಣಿಸುತ್ತವೆ ಅನ್ನೋದು ನೆನಪಿರಲಿ. ಎಚ್ಚರಿಕೆ ಹಾಕಿ, ಗುಟ್ಟನ್ನು ಎರಡನೇ ಸಂದೇಶದಲ್ಲಿ ಕಳಿಸಿದರೆ ಅದೇ ಮೇಲೆ ಬಂದು ಕೂರುತ್ತದೆ. ಎರಡೂ ಒಂದೇ ಸಂದೇಶದಲ್ಲಿರಲಿ, ನಡುವೆ ಒಂದಷ್ಟು ಖಾಲಿ ಸಾಲು ಬಿಡಿ. ಟೆಲಿಗ್ರಾಂ ಬಳಸುವವರಿಗೆ ಇನ್ನೂ ಸಲೀಸು. ಬೇಕಾದ ಸಾಲನ್ನು ಆರಿಸಿ ಸ್ಪಾಯ್ಲರ್ ಅಂತ ಗುರುತು ಮಾಡಿದರೆ ಮುಚ್ಚಿಹೋಗುತ್ತದೆ, ಮುಟ್ಟಿದರೆ ಮಾತ್ರ ತೆರೆಯುತ್ತದೆ. ಇಬ್ಬರು ಒಂದೇ ಪುಸ್ತಕ ಓದುತ್ತಿದ್ದರೆ ಸ್ಟೋರಿಗ್ರಾಫ್‌ನಲ್ಲಿ ಜೊತೆ ಓದುವ ವ್ಯವಸ್ಥೆ ಇದೆ. ಗೆಳತಿ 120ನೇ ಪುಟದಲ್ಲಿ ಬರೆದ ಮಾತು, ನೀವು ಅಲ್ಲಿಗೆ ತಲುಪುವ ತನಕ ನಿಮಗೆ ಕಾಣಿಸುವುದಿಲ್ಲ.

ಐದನೆಯದು, ಕೇಳಿದವರು ಏನು ಮಾಡಬೇಕು?

ಗುಂಪು ಉಳಿಯುತ್ತದೋ ಇಲ್ಲವೋ ಅನ್ನೋದು ಹೇಳುವವರಿಗಿಂತ ಉತ್ತರ ಕೊಡುವವರ ಮೇಲೆ ನಿಂತಿದೆ. ಮಾತನ್ನು ಸಾಯಿಸುವ ಉತ್ತರಗಳನ್ನು ನೀವೂ ಕೇಳಿರುತ್ತೀರಿ. "ಅಯ್ಯೋ, ಇದನ್ನ ಈಗ ಓದ್ತಿದ್ದೀಯಾ?" "ಅದೆಲ್ಲ ಏನೂ ಅಲ್ಲ, ಅದೇ ಲೇಖಕರ ಮೊದಲನೇ ಪುಸ್ತಕ ಓದು." "ನಂಗೆ ಅದು ಸೇರ್ಲಿಲ್ಲಪ್ಪ." ಮೂರನೆಯದು ಪ್ರಾಮಾಣಿಕ ಮಾತೇ ಇರಬಹುದು. ಆದರೆ 74ನೇ ಪುಟದಲ್ಲಿ ಖುಷಿಯಾಗಿರುವವಳಿಗೆ ಅದರಿಂದ ಏನು ಉಪಯೋಗ? ಅವಳು ಮುಗಿಸಿದ ಮೇಲೆ ಹೇಳಿ. ಆಗ ಅದು ಜಗಳಕ್ಕೂ ಒಳ್ಳೆ ವಿಷಯ.

ಬದಲಿಗೆ ಪ್ರಶ್ನೆ ಕೇಳಿ. ಕೇಳೋಕೆ ಆ ಪುಸ್ತಕ ಓದಿರಬೇಕಿಲ್ಲ. "ಅವನು ಯಾರಿಗೆ ಹೇಳ್ತಿರೋ ಹಾಗೆ ಬರೆದಿದಾನೆ, ಮಕ್ಕಳಿಗಾ, ಗಿರಾಕಿಗಳಿಗಾ?" "ನಿಂಗೆ ಅವನನ್ನ ಕಂಡ್ರೆ ಇಷ್ಟ ಆಗ್ತಿದೆಯಾ?" "ನಿಧಾನಕ್ಕೆ ಓದ್ತಿದ್ದೀಯಾ, ಓಡಿಸ್ತಿದ್ದೀಯಾ?" ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟ. ಪುಸ್ತಕ ಹೇಗಿದೆ ಅನ್ನೋದಕ್ಕಿಂತ ಓದುವವರು ಹೇಗಿದ್ದಾರೆ ಅನ್ನೋದು ಅದರಲ್ಲಿ ಗೊತ್ತಾಗುತ್ತದೆ.

ಮೇಲಿನ ಗೆಳತಿಯ ಸಂದೇಶಕ್ಕೇ ಒಬ್ಬ ಹೀಗೆ ಬರೆದ ಅನ್ನಿ: "ಸರಿಹೋದ ಗಡಿಯಾರ ಮನೆಗೆ ತಗೊಂಡ್ಹೋದ್ರೆ, ಅದನ್ನ ಕೊಟ್ಟೋರ ನೆನಪೂ ಜೊತೆಗೆ ಬರುತ್ತಲ್ವಾ, ಅದಕ್ಕೇ ಇರ್ಬೇಕು." ಇನ್ನೊಬ್ಬಳು: "ಇಲ್ಲ ಕಣೋ, ಮರೆತಿರ್ತಾರೆ ಅಷ್ಟೇ. ನಮ್ಮನೇದೂ ಒಂದು ಪ್ಯಾಂಟ್ ಟೈಲರ್ ಹತ್ರಾನೇ ಬಿದ್ದಿದೆ." ಈಗ ನೋಡಿ, ಪುಸ್ತಕ ಒಬ್ಬಳ ಕೈಯಲ್ಲಿದೆ, ಮಾತಾಡುತ್ತಿರುವವರು ಮೂರು ಜನ. ಅವಳು 75ನೇ ಪುಟ ತಿರುಗಿಸುವಾಗ ಈ ಎರಡು ಉತ್ತರವೂ ತಲೆಯಲ್ಲಿರುತ್ತವೆ. ಒಬ್ಬಳೇ ಓದಿದ್ದರೆ ಇರುತ್ತಿರಲಿಲ್ಲ.

ನಿಮ್ಮದೇ ಪುಸ್ತಕದ ಮಾತು ಹೇಳುವ ಆತುರವಿದ್ದರೆ ತಡೆಯಿರಿ. ಅವಳಿಗೆ ಒಂದಾದರೂ ಉತ್ತರ ಕೊಟ್ಟು ಆಮೇಲೆ ನಿಮ್ಮದು ಹಾಕಿ. ಗುಂಪಿಗೆ ಒಂದೇ ನಿಯಮ ಇರಬೇಕು ಅಂದರೆ ಇದನ್ನೇ ಇಡಿ ಅನ್ನುತ್ತೇನೆ.

ಆರನೆಯದು, ಅರ್ಧಕ್ಕೆ ಬಿಟ್ಟಾಗಲೂ ಹೇಳಿ

ಪುಸ್ತಕ ಬಿಡೋಕೆ ಜನ ಸಂಕೋಚಪಡುತ್ತಾರೆ. ಬಿಟ್ಟಿದ್ದನ್ನು ಹೇಳೋಕೆ ಇನ್ನೂ ಸಂಕೋಚ. ಹೀಗಾಗಿ ತಿಂಗಳುಗಟ್ಟಲೆ ಅದೇ ಪುಸ್ತಕ "ಓದ್ತಾ ಇದ್ದೀನಿ" ಅನ್ನೋ ಪಟ್ಟಿಯಲ್ಲೇ ಇರುತ್ತದೆ, ಅವರು ಗುಂಪಿನಲ್ಲಿ ಮಾತಾಡೋದೇ ನಿಲ್ಲಿಸುತ್ತಾರೆ. ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಇದಕ್ಕೊಂದು ಲೆಕ್ಕ ಹೇಳಿದ್ದಾರೆ. 50 ಪುಟ ಓದಿ ನೋಡಿ, ಹಿಡಿಸದಿದ್ದರೆ ಬಿಡಿ. ವಯಸ್ಸು 50 ದಾಟಿದ್ದರೆ 100ರಿಂದ ನಿಮ್ಮ ವಯಸ್ಸು ಕಳೆಯಿರಿ, ಅಷ್ಟು ಪುಟ ಓದಿದರೆ ಸಾಕು. 62 ವರ್ಷದವರಿಗೆ 38 ಪುಟ. ಆಯಸ್ಸು ಕಡಿಮೆಯಾದಷ್ಟೂ ತಾಳ್ಮೆಗೆ ರಿಯಾಯಿತಿ!

ನನ್ನ ತಕರಾರು ಒಂದೇ. ತುಂಬ ದಪ್ಪ ಕಾದಂಬರಿಗಳಿಗೆ 50 ಪುಟ ಸಾಲದು. ಕೆಲವು ನೂರು ಪುಟವಾದ ಮೇಲೆಯೇ ಎದ್ದು ನಿಲ್ಲುತ್ತವೆ. ಇಲ್ಲೇ ಗೆಳೆಯರು ಉಪಯೋಗಕ್ಕೆ ಬರುವುದು. "60ನೇ ಪುಟದಲ್ಲಿದ್ದೀನಿ, ಹೆಸರುಗಳೇ ಗೊಂದಲ, ಬಿಡ್ಲಾ?" ಅಂತ ಕೇಳಿ. ಓದಿದವರಿದ್ದರೆ "ಇನ್ನೊಂದು ಅಧ್ಯಾಯ ತಡ್ಕೋ" ಅಂತಲೋ, "ಬಿಡು, ಕೊನೆ ತನಕ ಹಾಗೇ ಇದೆ" ಅಂತಲೋ ಹೇಳುತ್ತಾರೆ. ಬಿಟ್ಟರೆ ಎಲ್ಲಿ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಬರೆಯಿರಿ. ನಿಮಗೆ ಬೇಡವಾದ ಕಾರಣಕ್ಕೇ ಇನ್ನೊಬ್ಬರಿಗೆ ಅದು ಬೇಕಾಗಬಹುದು. "ಬರೀ ಅಡುಗೆ ವರ್ಣನೆ" ಅಂತ ಒಬ್ಬರು ಬಿಟ್ಟದ್ದನ್ನು ಅದಕ್ಕಾಗಿಯೇ ಓದುವವರು ಇರುತ್ತಾರೆ.

ಏಳನೆಯದು, ಪುಸ್ತಕ ಕೈ ಬದಲಾಯಿಸುವಾಗ

ಓದಿನ ಮಾತು ಹೆಚ್ಚಾದರೆ "ಮುಗಿಸಿದ್ಮೇಲೆ ನಂಗೆ ಕೊಡು" ಅನ್ನೋದು ಬಂದೇ ಬರುತ್ತದೆ. ಇದು ಹಳೇ ಕಷ್ಟ. ಅಮೆರಿಕದ ಮುದ್ರಕ, ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ 1727ರಲ್ಲಿ ಫಿಲಡೆಲ್ಫಿಯಾದಲ್ಲಿ ಗೆಳೆಯರನ್ನು ಸೇರಿಸಿ ಜುಂಟೊ ಅನ್ನೋ ಮಾತುಕತೆಯ ಕೂಟ ಕಟ್ಟಿದ್ದ. ಎಲ್ಲರೂ ತಮ್ಮ ಪುಸ್ತಕಗಳನ್ನು ಒಂದೇ ಕೋಣೆಯಲ್ಲಿಡೋಣ, ಬೇಕಾದವರು ಓದಲಿ ಅಂತ ಮಾಡಿಕೊಂಡರು. ಪುಸ್ತಕಗಳನ್ನು ಸರಿಯಾಗಿ ನೋಡಿಕೊಳ್ಳುವವರಿಲ್ಲದೆ ಸುಮಾರು ಒಂದು ವರ್ಷಕ್ಕೇ ವ್ಯವಸ್ಥೆ ಮುರಿದುಬಿತ್ತು, ಎಲ್ಲರೂ ತಮ್ಮ ತಮ್ಮ ಪುಸ್ತಕ ಮನೆಗೆ ಒಯ್ದರು ಅಂತ ಅವನೇ ಬರೆದುಕೊಂಡಿದ್ದಾನೆ. ಆಮೇಲೆ 1731ರಲ್ಲಿ ಚಂದಾ ಕಟ್ಟಿ ನಡೆಸುವ ಗ್ರಂಥಾಲಯವನ್ನು ಶುರುಮಾಡಿದ.

ನಮ್ಮ ಅಳತೆಗೆ ಇಷ್ಟು ಸಾಕು: ಕೊಡುವಾಗ ಪುಸ್ತಕ ಹಿಡಿದಿರುವ ಗೆಳೆಯನ ಫೋಟೊ ತೆಗೆದು ಗುಂಪಿಗೆ ಹಾಕಿ. ದಿನಾಂಕ ತಾನಾಗೇ ಇರುತ್ತದೆ, ಯಾರ ಹತ್ತಿರ ಇದೆ ಅಂತ ಎಲ್ಲರಿಗೂ ಗೊತ್ತಿರುತ್ತದೆ, ಕೇಳೋಕೆ ಮುಜುಗರವೂ ಇಲ್ಲ. ಸಾಲಿನ ಕೆಳಗೆ ಗೆರೆ ಎಳೆಯಬಹುದಾ, ಪುಟದ ಮೂಲೆ ಮಡಚಬಹುದಾ ಅಂತ ಕೊಡುವಾಗಲೇ ಹೇಳಿಬಿಡಿ. ವಾಪಸ್ ಬಾರದಿದ್ದರೆ ಸಂಕಟವಾಗುವಂಥ ಪುಸ್ತಕ ಕೊಡಲೇಬೇಡಿ. ಎಲ್ಲಿಂದಲೋ ಬಂದ ಕಳ್ಳ ಪಿಡಿಎಫ್ ಮಾತ್ರ ಗುಂಪಿಗೆ ಬೇಡ. ಬರೆದವರ ಹೊಟ್ಟೆಯ ಮೇಲೆ ಹೊಡೆದು ಓದಿನ ಪ್ರೀತಿ ತೋರಿಸಬೇಕಾಗಿಲ್ಲ.

ಎಷ್ಟು ದಿನಕ್ಕೊಮ್ಮೆ?

ದಿನಕ್ಕೆ 20 ಪುಟ ಓದುವವರಿಗೆ 300 ಪುಟದ ಪುಸ್ತಕ 15 ದಿನ ಬೇಕು. ವಾರಕ್ಕೊಮ್ಮೆ ಹೇಳಿದರೆ ಒಂದು ಪುಸ್ತಕದ ಬಗ್ಗೆ ಎರಡು ಸಲ ಮಾತು ಬರುತ್ತದೆ. ಒಮ್ಮೆ ನಡುವೆ, ಒಮ್ಮೆ ಮುಗಿಯುವ ಹೊತ್ತಿಗೆ. ಇದು ಸರಿಯಾದ ಅಂತರ. ದಿನಾ ಹೇಳಬೇಕು ಅಂದರೆ ಹೋಮ್‌ವರ್ಕ್ ಆಗುತ್ತದೆ.

ವರ್ಷಕ್ಕೆ ಇಷ್ಟು ಪುಸ್ತಕ ಅನ್ನೋ ಪಣ ಗುಂಪಿನಲ್ಲಿ ಬೇಡ ಅನ್ನೋದು ನನ್ನ ಅಭಿಪ್ರಾಯ. ಒಬ್ಬರಿಗೇ ಅಂತ ಇಟ್ಟುಕೊಂಡರೆ ತೊಂದರೆ ಇಲ್ಲ. ಎಲ್ಲರೂ ಲೆಕ್ಕ ಹೇಳೋಕೆ ಶುರುಮಾಡಿದರೆ ದಪ್ಪ ಪುಸ್ತಕಗಳನ್ನು ಯಾರೂ ಮುಟ್ಟುವುದಿಲ್ಲ. ಮಗು ಹುಟ್ಟಿದವರು, ಪರೀಕ್ಷೆ ಇರುವವರು, ಮನೆಯಲ್ಲಿ ಹುಷಾರಿಲ್ಲದವರನ್ನು ನೋಡಿಕೊಳ್ಳುತ್ತಿರುವವರು ಮೆಲ್ಲಗೆ ಹಿಂದೆ ಸರಿಯುತ್ತಾರೆ. "ಈ ವಾರ ಏನೂ ಓದಿಲ್ಲ" ಅನ್ನೋದೂ ಪೂರ್ತಿ ಉತ್ತರವೇ. ಹಾಗೆ ಹೇಳಿದವರಿಗೆ ಪುಸ್ತಕ ಸೂಚಿಸೋಕೆ ಹೋಗಬೇಡಿ. ಅವರು ಕೇಳಿಲ್ಲ.

ಗುಂಪು ಮೌನವಾದರೆ "ಯಾಕೆ ಎಲ್ರೂ ಸುಮ್ನಿದ್ದೀರಾ?" ಅಂತ ಹಾಕಬೇಡಿ, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ. ಒಬ್ಬರನ್ನೇ ಹೆಸರು ಹಿಡಿದು, ಅವರು ಹಿಂದೆ ಹೇಳಿದ್ದನ್ನೇ ಕೇಳಿ: "ಆ ಗಡಿಯಾರದವನ ಕಥೆ ಎಲ್ಲಿಗೆ ಬಂತು?" ಅದಕ್ಕೂ ಉತ್ತರ ಬರದಿದ್ದರೆ ಫೋನ್ ಮಾಡಿ ಕೇಳಿ. ಗುಂಪೇ ಕಟ್ಟೋಕಾಗದವರು ಒಬ್ಬ ಗೆಳೆಯನಿಗೋ ಗೆಳತಿಗೋ ಇವತ್ತೇ ಒಂದು ಸಂದೇಶ ಕಳಿಸಿ. ಪುಸ್ತಕದ ಹೆಸರು, ಅಧ್ಯಾಯ, ನೀವು ನಿಂತ ಜಾಗ, ಕೊನೆಗೆ ಒಂದು ಪ್ರಶ್ನೆ.